ಮಡಚಿದವರು ಯಾರು?

ಬೀದರದವರಿಗೆ ವಿಮಾನದ ಸದ್ದು ಹೊಸದಲ್ಲ. ವಾಯುಪಡೆಯ ಹುಡುಗರು ನಮ್ಮ ತಲೆಯ ಮೇಲೆಯೇ ಹಾರಾಟ ಕಲಿಯುತ್ತಾರೆ. ಇಷ್ಟು ವರ್ಷ ನಾನು ಕತ್ತೆತ್ತಿ ನೋಡಿದವನಲ್ಲ. ಮಗ ಸೈನ್ಯದಲ್ಲಿ ಪ್ಯಾರಾಶೂಟ್ ತರಬೇತಿಗೆ ಹೆಸರು ಕೊಟ್ಟ ಮೇಲೆ, ಆ ಸದ್ದು ಕೇಳಿದರೆ ಕೈಲಿದ್ದ ಕೆಲಸ ಬಿಟ್ಟು ಮೇಲೆ ನೋಡುತ್ತೇನೆ.

ನನ್ನದು ಶಾಮಿಯಾನದ ದಂಧೆ. ಬೇರೆ ಅಪ್ಪಂದಿರಿಗೆ ಪ್ಯಾರಾಶೂಟ್ ಎಂದರೆ ಆಕಾಶದಲ್ಲಿ ಅರಳುವ ಹೂವಿರಬಹುದು. ನನಗದು ಬಟ್ಟೆ ಮತ್ತು ಹಗ್ಗ. ಅವೆರಡರ ಗುಣ ನನಗೆ ಗೊತ್ತು. ನಿದ್ದೆಗಣ್ಣಲ್ಲಿ ಮಡಚಿದ ಶಾಮಿಯಾನವನ್ನು ಮುಂದಿನ ಊರಲ್ಲಿ ಬಿಚ್ಚಿದರೆ ಹಗ್ಗಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ನಾವು ನೆಲದ ಮೇಲೆ ಕುಳಿತು, ಚಹಾ ಕುಡಿಯುತ್ತ ಬಿಡಿಸುತ್ತೇವೆ. ಮಗ ಎಲ್ಲಿ ಕುಳಿತು ಬಿಡಿಸಬೇಕು? ಅವನ ಪ್ಯಾರಾಶೂಟ್ ಮಡಚುವವರು ಬೇರೆಯಂತೆ. ಅವರಿಗೆ ಸರಿಯಾಗಿ ನಿದ್ದೆಯಾಗಿತ್ತೋ ಇಲ್ಲವೋ.

ದೂರದ ಊರಲ್ಲಿ ಅವನ ಮೊದಲ ಜಿಗಿತವಿದ್ದ ಬೆಳಗ್ಗೆ ನಾನು ಔರಾದದಲ್ಲಿ ಮದುವೆಮನೆಯ ಅಂಗಳದಲ್ಲಿದ್ದೆ. ಇಳಿದ ಕೂಡಲೇ ಫೋನ್ ಮಾಡುತ್ತೇನೆ ಎಂದಿದ್ದ. ಅಷ್ಟರಲ್ಲಿ ಗಾಳಿ ಎದ್ದಿತು. ಶಾಮಿಯಾನದ ಮೂಲೆ ಪಟಪಟ ಬಡಿದುಕೊಂಡದ್ದೇ ತಡ, ಇಳಿಸಿಬಿಡಿ ಎಂದು ಆಳುಗಳಿಗೆ ಕೂಗಿದೆ. ಉಪ್ಪಿಟ್ಟು ತಿನ್ನುತ್ತಿದ್ದ ಬೀಗರೆಲ್ಲ ಬಿಸಿಲಿಗೆ ಬಿದ್ದರು.

ಮದುಮಗಳ ಅಪ್ಪ ಹತ್ತಿರ ಬಂದರು. “ಸಾವ್ಕಾರ್ರ, ಡೇರಾ ಹಾಕ್ಲಿಕ್ಕ ಬಂದೀರೊ, ಕೀಳ್ಲಿಕ್ಕ ಬಂದೀರೊ?”

ನಮ್ಮ ಹಳೆಯ ಮಿಸ್ತ್ರಿ ಚಾಚಾ ನನ್ನನ್ನು ಪಕ್ಕಕ್ಕೆ ಕರೆದ. “ಗಾಳಿ ಇಲ್ಲಿ ಅದರಿ. ಪೋರ ಅಲ್ಲಿ ಅದಾನ,” ಎಂದು ಹೇಳಿ ಶಾಮಿಯಾನವನ್ನು ಮತ್ತೆ ಕಟ್ಟಿಸಿದ.

ಫೋನ್ ಬಂತು. ಅವಸರದಲ್ಲಿ ತಪ್ಪು ಗುಂಡಿ ಒತ್ತಿ ಕಟ್ ಮಾಡಿಬಿಟ್ಟೆ. ಅದು ಮತ್ತೆ ರಿಂಗಾಗುವವರೆಗೆ, ಮಗನ ಬದಲು ಯಾರೋ ಅಧಿಕಾರಿ ಮಾತಾಡುವುದನ್ನು ಪೂರ್ತಿ ಕೇಳಿಸಿಕೊಂಡೆ, ನನ್ನ ತಲೆಯೊಳಗೇ.

“ಅಪ್ಪಾ, ಇಳದೀನಿ. ಮ್ಯಾಲ ಹಗ್ಗ ಹುರಿಗೊಂಡಿದ್ವು. ಸೈಕಲ್ ತುಳದಂಗ ಕಾಲ ಝಾಡಿಸಿದೆ, ಬಿಚ್ಚಕೊಂಡ್ವು. ನೀ ಅಂಜಬ್ಯಾಡ.”

ನಾನು ಕೇಳಿದ್ದು ಒಂದೇ: “ಮಡಚಿದವ್ರು ಯಾರು?”

ಅವನು ನಕ್ಕ. ಇನ್ನೂ ನಾಲ್ಕು ಜಿಗಿತ ಉಳಿದಿವೆ, ಅದರಲ್ಲೊಂದು ಕತ್ತಲಲ್ಲಿ ಎಂದು ಸಹಜವಾಗಿ ಹೇಳಿ ಫೋನಿಟ್ಟ. ನಾನು ಅಲ್ಲೇ ಅಕ್ಕಿಮೂಟೆಯ ಮೇಲೆ ಕುಳಿತು ಚಾಚಾನಿಗೆ ಅದನ್ನೇ ಹೇಳಿದೆ.

ಮರುದಿನ ಭಾಲ್ಕಿಯಲ್ಲಿ ಇನ್ನೊಂದು ಮದುವೆಯಿತ್ತು. ಸಂಜೆ ಆಳುಗಳು ಶಾಮಿಯಾನ ಮಡಚಿ ಗಾಡಿಗೆ ಹಾಕಿಯೂ ಆಗಿತ್ತು. ಇಳಿಸಿ, ಬಿಚ್ಚಿಸಿದೆ. ಅವರು ಗೊಣಗುತ್ತ ದೂರ ಹೋಗಿ ಕುಳಿತರು. ಚಾಚಾ ಮಾತ್ರ ಹಗ್ಗದ ಇನ್ನೊಂದು ತುದಿ ಹಿಡಿದ. ಒಂದೊಂದೇ ಹಗ್ಗ ನೆಟ್ಟಗೆ ಮಾಡಿ, ಪದರಿನ ಮೇಲೆ ಪದರು ಕೂಡಿಸಿ ಮಡಚಿದೆವು.

“ಪೋರ ಜಿಗಿಯೋ ನಾಕೂ ಸಲ ಹಿಂಗೇ ಏನ್ರಿ?” ಎಂದು ಕೇಳಿದ.

ಹೌದೆಂದೆ.