ಅವ್ವನ ಹೆಪ್ಪು

ಕಾಯಿಸಿದ ಹಾಲು ಬೆರಳಿಗೆ ಉಗುರುಬೆಚ್ಚಗೆ ತಾಗುವಷ್ಟು ಆರಿದಾಗ, ದಿನವೂ ಸಂಜೆ, ಅದಕ್ಕೊಂದು ಚಮಚ ಹೆಪ್ಪು ಹಾಕುತ್ತೇನೆ. ನೀವೂ ಹಾಕುತ್ತೀರಿ, ಹಾಕಿ ಮರೆಯುತ್ತೀರಿ. ನನಗೆ ಮರೆಯಲಾಗುವುದಿಲ್ಲ. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ತರ್ಕ, ತತ್ವಜ್ಞಾನಗಳ ಪರಿಚಯವಿಲ್ಲ. ಆದರೆ ತಪ್ಪು ಮಾಡಿದವರಿಗೆ ತರ್ಕವನ್ನು ಯಾರೂ ಕಲಿಸಬೇಕಾಗಿಲ್ಲ.

ಅವ್ವ ತೀರಿಕೊಂಡಾಗ ಅವಳ ಕೊನೆಯ ಗಡಿಗೆಯ ಮೊಸರನ್ನು ಅಕ್ಕನೂ ನಾನೂ ಹಂಚಿಕೊಂಡೆವು. ಅದು ಹೆಪ್ಪಾಗಿ ಅಕ್ಕನೊಡನೆ ಉಗಾರಕ್ಕೆ ಹೋಯಿತು, ನನ್ನೊಡನೆ ರಾಯಬಾಗಕ್ಕೆ ಬಂತು. ನಿನ್ನೆಯ ಮೊಸರೇ ಇಂದಿನ ಹೆಪ್ಪಾದ್ದರಿಂದ ಅವ್ವ ಇಬ್ಬರ ಅಡುಗೆಮನೆಯಲ್ಲೂ ಇದ್ದಂತೆಯೇ ಇತ್ತು. ಹೋದ ಬೇಸಿಗೆಯಲ್ಲಿ ನನ್ನ ಉದಾಸೀನದಿಂದ ನನ್ನ ಹೆಪ್ಪು ಕೆಟ್ಟಿತು. ಅಕ್ಕನ ಬಳಿ ಇದ್ದೇ ಇದೆಯಲ್ಲ ಎಂದು ಅಂಗಡಿಯ ಪಾಕೀಟಿನ ಮೊಸರನ್ನೇ ಹಾಕಿ ಸುಮ್ಮನಾದೆ. ಅಷ್ಟರಲ್ಲಿ ಅಕ್ಕನೇ ಖಾಲಿ ಡಬ್ಬಿ ಹಿಡಿದು ಬಂದಳು.

"ಮದುವಿಗೆ ಹೋಗಿ ಬರೂದ್ರಾಗ ನನ್ನ ಹೆಪ್ಪ ಹಾಳಾತ. ಅವ್ವಂದು ಈಗ ನಿನ್ನ ಹಂತೇಕಷ್ಟ ಐತಿ, ಹಾಕ್ಲೇ."

ಪಾಕೀಟಿನದನ್ನೇ ಅವಳ ಡಬ್ಬಿಗೆ ಹಾಕಿದೆ. ಮರುದಿನ ಫೋನು: "ತಂಗೀ, ಥೇಟ ಅವ್ವನ ಕೈದ ಮೊಸರ! ಉಣ್ಣಾಕ ಕುಂತಾಕಿ ಅತ್ತಬಿಟ್ನಿ."

ಅಂದಿನಿಂದ ನನ್ನ ಮನಸ್ಸಿನಲ್ಲಿ ವಕೀಲಿ ಶುರುವಾಯಿತು. ಹಾಲು ದಿನವೂ ಹೊಸದು, ಎಮ್ಮೆಯೂ ಬದಲಾಗಿದೆ, ಅವ್ವನ ಕೈ ಸೋಕಿದ ಒಂದು ಹನಿಯೂ ಕೆಟ್ಟುಹೋದ ಆ ಹೆಪ್ಪಿನಲ್ಲಿ ಉಳಿದಿರಲಾರದು. ಹಾಗಿದ್ದ ಮೇಲೆ ಕೆಟ್ಟದ್ದಾದರೂ ಏನು? ಇನ್ನು, ಅವ್ವನದು, ಪಾಕೀಟಿನದು ಎರಡರ ರುಚಿಯೂ ಒಂದೇ ಎಂದು ಅಕ್ಕನೇ ಹೇಳಿದ್ದಾಳೆ. ರುಚಿ ಒಂದೇ ಆದರೆ ಮೊಸರೂ ಒಂದೇ. ಖಟ್ಲೆ ಗೆದ್ದೆನೆಂದು ಬೀಗುವಾಗಲೇ ಎದುರು ಪಕ್ಷದ ಪ್ರಶ್ನೆ ಬಂತು: ಎರಡೂ ಒಂದೇ ಆಗಿದ್ದರೆ ನೀನು ಮುಚ್ಚಿಟ್ಟದ್ದು ಯಾಕೆ?

ಮೊನ್ನೆ ಉಗಾರಕ್ಕೆ ಹೋದಾಗ ಅಕ್ಕ ರೊಟ್ಟಿಯ ಮಗ್ಗುಲಿಗೆ ಶೇಂಗಾ ಚಟ್ನಿ ಹಾಕಿ, ಅದರ ಮೇಲೆ ಧಾರಾಳವಾಗಿ ಮೊಸರು ಸುರಿದು, "ಉಣ್ಣ, ಅವ್ವಂದು" ಅಂದಳು. ಮುರಿದ ತುತ್ತನ್ನು ತಟ್ಟೆಗೇ ಇಟ್ಟೆ.

"ಅಕ್ಕಾ, ಇದು ಅವ್ವಂದಲ್ಲ. ನಂದೂ ಕೆಟ್ಟಿತ್ತು. ನಿನಗ ಕೊಟ್ಟದ್ದು ಪಾಕೀಟಿಂದು."

"ಹಂಗಾರ ನಾ ಇಷ್ಟ ದಿನಾ ಅತ್ತದ್ದು ಪಾಕೀಟಿಗೇನ್ಲೇ?"

ನಾನು ನಗಲು ಹೋದೆ, ಅವಳು ನಗಲಿಲ್ಲ. ಮೊಸರಿನ ಪಾತ್ರೆಯನ್ನು ಬದಿಗೆ ಸರಿಸಿ ಹೇಳಿದಳು: "ಕೆಟ್ಟದ್ದಕ್ಕ ಸಿಟ್ಟಿಲ್ಲ. ನಂದೂ ಕೆಟ್ಟಿತ್ತಲ್ಲ. ಅವತ್ತ ಹೇಳಿದ್ರ ಇಬ್ರೂ ಕೂಡಿ ಅಳತಿದ್ವಿ."

ಎಲ್ಲ ತರ್ಕವೂ ಅಲ್ಲಿಗೆ ಮುಗಿಯಿತು. ಹೊರಡುವಾಗ ಅದೇ ಮೊಸರನ್ನು ಡಬ್ಬಿಗೆ ತುಂಬಿ ನನ್ನ ಕೈಗಿಟ್ಟಳು. "ಯಾರರ ಕೇಳಿದ್ರ ಅಕ್ಕಂದು ಅನ್ನು. ಕೆಟ್ರ ಹೇಳ."

ಈಗಲೂ ಸಂಜೆ ಹಾಲು ಆರುವವರೆಗೆ ಕಾಯುತ್ತೇನೆ. ಆ ಹೊತ್ತಿನಲ್ಲಿ ಮೊದಲು ವಾದ ಹೂಡುತ್ತಿದ್ದೆ; ಈಗ ಅಕ್ಕನಿಗೆ ಫೋನು ಮಾಡಿ, "ನಿಂದ ಚಲೋ ಐತೇನ?" ಎಂದು ಕೇಳಿ, ಆಮೇಲೆ ಚಮಚ ಎತ್ತಿಕೊಳ್ಳುತ್ತೇನೆ.