ಐದನೇ ಮನೆಯ ಫೋಟೋ

ನಾನೇ ಬಡಿದು ಸುಟ್ಟ ಜೋಳದ ರೊಟ್ಟಿಯ ಫೋಟೋವನ್ನು ಕಂಪ್ಯೂಟರಿಗೆ ಕೊಟ್ಟು, ಇಂಥದ್ದು ಎಲ್ಲೆಲ್ಲಿದೆ ಹುಡುಕು ಎಂದರೆ ಅದು ಮೆಕ್ಸಿಕೋ ದೇಶದ ರೊಟ್ಟಿಗಳನ್ನು ಸಾಲಾಗಿ ತಂದು ನಿಲ್ಲಿಸಿತು. ಕಲಬುರಗಿಯದು ಒಂದೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಬೆಂಗಳೂರಿಗೆ ಬಂದು ಆಗಿನ್ನೂ ಎರಡು ತಿಂಗಳು. ಇಲ್ಲಿನ ಮನುಷ್ಯರಿಗಂತೂ ನಮ್ಮ ರೊಟ್ಟಿ ಗೊತ್ತಿಲ್ಲ, ಯಂತ್ರಕ್ಕೂ ಗೊತ್ತಿಲ್ಲವಲ್ಲ ಎಂದು ಒಬ್ಬಳೇ ಗೊಣಗಿದೆ. ಪಕ್ಕದ ಟೇಬಲ್ಲಿನವರು ನಕ್ಕರು.

ಇಂದಿರಾನಗರದಲ್ಲಿ ಮೆಟ್ರೋ ಕಂಬಗಳಿಗೆ ಗುಂಡಿ ತೋಡುತ್ತಿದ್ದ ವರ್ಷಗಳವು. ಹಳೆಯ ಬಂಗಲೆಯೊಂದರ ಮಹಡಿಯಲ್ಲಿ ನಮ್ಮ ಆಫೀಸು. ಖಾಸಗಿ ಶಾಲೆಗಳಿಗೆ ಪುಸ್ತಕ ಸಿದ್ಧಪಡಿಸುವುದು ಕಸುಬು. ಪಾಠ ಬರೆಯುವವರು ಎಲ್ಲಿಂದಲೋ ಇಳಿಸಿಕೊಂಡ ಪುಟ್ಟ, ಮಸುಕು ಚಿತ್ರ ಅಂಟಿಸಿ ಕಳಿಸುತ್ತಿದ್ದರು. ಅದರ ದೊಡ್ಡ ಪ್ರತಿ ಎಲ್ಲಿದೆ, ತೆಗೆದವರು ಯಾರು ಎಂದು ಪತ್ತೆ ಮಾಡಿ ಒಪ್ಪಿಗೆ ಪಡೆಯುವುದು ನನ್ನ ಕೆಲಸ. ಮೊದಲು ಹೆಸರು ಟೈಪು ಮಾಡಿ ಹುಡುಕಬೇಕಿತ್ತು. ನಾನು ಸೇರಿದ ಹೊಸತರಲ್ಲೇ ಚಿತ್ರವನ್ನೇ ಕೊಟ್ಟು ಚಿತ್ರ ಹುಡುಕುವ ಸೌಲಭ್ಯ ಬಂತು. ಒಂದು ಫೋಟೋ ಹಾಕಿದರೆ ಅದೇ ಫೋಟೋ ಇರುವ ತಾಣಗಳನ್ನು ತೋರಿಸುತ್ತದೆ, ಜೊತೆಗೆ ನೋಡಲು ಹಾಗೆಯೇ ಇರುವ ಬೇರೆ ಫೋಟೋಗಳನ್ನೂ. ಅದು ನೋಡುವುದು ಬಣ್ಣ ಮತ್ತು ಆಕಾರ ಮಾತ್ರ. ದುಂಡಗೆ, ಬೆಳ್ಳಗೆ, ನಡುವೆ ಸುಟ್ಟ ಕಲೆ ಇದ್ದರೆ ಎಲ್ಲವೂ ಅದಕ್ಕೆ ಒಂದೇ.

ನಾನಿದ್ದದ್ದು ಕೆ.ಆರ್. ಪುರದಲ್ಲಿ. ಮನೆಯ ಯಜಮಾನರು ಮೊದಲು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಹದಿನಾಲ್ಕು ಕೋಣೆಗಳನ್ನು ಎಬ್ಬಿಸಿದ್ದರು. ಇಂಥ ಸಾಲುಮನೆಗೆ ಇಲ್ಲಿ ವಠಾರ ಎನ್ನುತ್ತಾರೆ. ನಮ್ಮ ಕಡೆ ಓಣಿ ಎಂದರೆ ಯಾರ ಬಾಗಿಲೂ ಹಗಲಲ್ಲಿ ಮುಚ್ಚಿರುವುದಿಲ್ಲ; ಇಲ್ಲಿ ಬಾಗಿಲು ತೆರೆದರೆ ಎದುರಿನವರ ಬಾಗಿಲು ಮುಚ್ಚುತ್ತದೆ. ಮೊದಲ ವಾರ ರೊಟ್ಟಿ ಬಡಿಯುತ್ತಿದ್ದಾಗ ಯಜಮಾನರ ಹೆಂಡತಿ ಬಂದು, "ಏನಮ್ಮಾ, ಬೆಳಬೆಳಗ್ಗೆ ಗೋಡೆ ಒಡೀತಿದ್ದೀಯಾ?" ಎಂದರು. ಸಿಟ್ಟು ಬಂತು, ನುಂಗಿಕೊಂಡೆ. ಒಂದು ರೊಟ್ಟಿಗೆ ಎಣ್ಣೆಗಾಯಿ ಪಲ್ಯ ಹಾಕಿ ಕೊಟ್ಟೆ. ಮುಂದಿನ ಭಾನುವಾರ ಅವರೇ ತಟ್ಟೆ ಹಿಡಿದು ಬಂದರು. ಬೆಂಗಳೂರಿನಲ್ಲಿ ನಾನು ಗೆದ್ದ ಮೊದಲ ಜಗಳ ಅದು.

ಆಫೀಸಿನಲ್ಲಿ ಗೆಲ್ಲುವುದು ಅಷ್ಟು ಸುಲಭವಿರಲಿಲ್ಲ. "ನಿಮ್ ಕನ್ನಡ ಒಂಥರಾ ಕ್ಯೂಟ್ ಆಗಿದೆ ಸುಜಾತಾ," ಎನ್ನುತ್ತಿದ್ದರು ನಮ್ಮ ಮೇಡಂ. ಇಪ್ಪತ್ತಾರು ವರ್ಷ ಮಾತಾಡಿಕೊಂಡು ಬಂದ ಭಾಷೆಯನ್ನು ಯಾರಾದರೂ ಮುದ್ದುಮಾಡಿದರೆ ಎಷ್ಟು ಕೆಂಡದಂಥ ಕೋಪ ಬರುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ನಾನು ಬೇಗ ಬೆಂಗಳೂರಿನ ಹಾಗೆ ಮಾತಾಡುವುದನ್ನು ಕಲಿತೆ. ಸಂಜೆ ವಠಾರಕ್ಕೆ ಬಂದು ಶಿವಮ್ಮಕ್ಕನ ಎದುರು ಕೂತಾಗ ಮಾತ್ರ ನನ್ನ ನಾಲಿಗೆ ನನಗೆ ವಾಪಸು ಸಿಗುತ್ತಿತ್ತು.

ಶಿವಮ್ಮಕ್ಕ ಪಕ್ಕದ ಕೋಣೆಯವಳು, ಸುರಪುರದ ಕಡೆಯವಳು. ಕಟ್ಟಡಗಳ ಕೆಲಸಕ್ಕೆ ಹೋಗಿ ಮಗಳು ರೇಣುಕಾಳನ್ನು ಹತ್ತಿರದ ಖಾಸಗಿ ಶಾಲೆಯಲ್ಲಿ ಏಳನೇ ತರಗತಿ ಓದಿಸುತ್ತಿದ್ದಳು. ಯಾರಿಂದ ಒಂದು ಬಟ್ಟಲು ಸಕ್ಕರೆ ತಂದರೂ ಸಂಜೆಯೊಳಗೆ ಹಿಂದಿರುಗಿಸುವ ಹೆಂಗಸು.

ಒಂದು ದಿನ ಎಂಟನೇ ತರಗತಿಯ ಸಮಾಜ ಪುಸ್ತಕದಲ್ಲಿ ಭಿಕ್ಷಾಟನೆಯ ಪಾಠ ಬಂತು. ಜೊತೆಗೆ ಹೆಬ್ಬೆರಳಿನಷ್ಟು ಚಿತ್ರ. ಹಸಿರು ಸೀರೆಯ ಹೆಂಗಸು, ಕಬ್ಬಿಣದ ಗೇಟು, ಮುಂದೆ ಚಾಚಿದ ಬುಟ್ಟಿ. ಯಂತ್ರಕ್ಕೆ ಹಾಕಿದೆ. ಹನ್ನೊಂದು ಕಡೆ ಇದೆ ಎಂದಿತು. ಎಲ್ಲಕ್ಕಿಂತ ದೊಡ್ಡದನ್ನು ತೆರೆದೆ. ಮುಖ ಸ್ಪಷ್ಟವಾಯಿತು. ಶಿವಮ್ಮಕ್ಕ.

ಉಳಿದ ತಾಣಗಳನ್ನು ಒಂದೊಂದಾಗಿ ತೆರೆದೆ. ಒಂದರಲ್ಲಿ ಅವಳು ಮುಂಬೈಯ ಭಿಕ್ಷುಕಿ. ಒಂದರಲ್ಲಿ ಜನಸಂಖ್ಯಾ ಸ್ಫೋಟದ ಸಾಕ್ಷಿ. ಪ್ರವಾಸಿಗರಿಗೆ ಬುದ್ಧಿ ಹೇಳುವ ತಾಣವೊಂದರಲ್ಲಿ, ಇಂಥವರು ಎದುರಾದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ ಎಂಬ ಸಲಹೆಯ ಕೆಳಗೆ ನಿಂತಿದ್ದಳು. ಬುಟ್ಟಿಯಲ್ಲಿ ಅರಿಶಿನದ ಭಂಡಾರ ಹೊಡೆದು ಕಾಣುತ್ತಿದೆ, ಹಣೆಯ ತುಂಬ ಭಂಡಾರವಿದೆ. ಹನ್ನೊಂದು ಜನರಲ್ಲಿ ಒಬ್ಬರಿಗಾದರೂ ಇದೇನು ಎಂದು ಕೇಳಬೇಕು ಅನ್ನಿಸಲಿಲ್ಲವೇ?

ಅದು ಜೋಗ. ನಮ್ಮ ಕಡೆ ಎಲ್ಲಮ್ಮನ ಹರಕೆ ಹೊತ್ತವರು ಉಪವಾಸವಿದ್ದು, ಬುಟ್ಟಿ ಹಿಡಿದು ಐದು ಮನೆಗೆ ಹೋಗಿ ಕಾಳು ಬೇಡುತ್ತಾರೆ. ಹತ್ತು ಎಕರೆ ನೀರಾವರಿ ಇದ್ದವರೂ ಬೇಡುತ್ತಾರೆ. ನೀಡುವುದು ನೀಡುವವರ ಪುಣ್ಯ. ಸಿಕ್ಕ ಕಾಳನ್ನು ಬೇಯಿಸಿ ದೇವಿಗೆ ಎಡೆ ಹಿಡಿಯುತ್ತಾರೆ. ರೇಣುಕಾಳ ಜ್ವರ ಇಳಿದರೆ ಐದು ಮನೆ ಜೋಗ ಎತ್ತುತ್ತೇನೆ ಎಂದು ಶಿವಮ್ಮಕ್ಕ ಬೇಡಿಕೊಂಡಿದ್ದಳು. ಹರಕೆ ತೀರಿಸಬೇಕಿದ್ದ ಶುಕ್ರವಾರ ಅವಳ ಕೆಲಸ ಬೆನ್ಸನ್ ಟೌನಿನಲ್ಲಿತ್ತು. ಊಟದ ಬಿಡುವಿನಲ್ಲಿ ಅಲ್ಲೇ ಐದು ಮನೆ ಎಣಿಸಿದಳು. ನಮ್ಮವರು ಮಾತ್ರ ಮಾಡುವ ತಪ್ಪು ಇದು. ದೇವಿ ಎಲ್ಲ ಕಡೆ ಇರುತ್ತಾಳೆ, ಆದ್ದರಿಂದ ಎಲ್ಲ ಬೀದಿಗಳಿಗೂ ಅವಳ ಗುರುತಿರುತ್ತದೆ ಎಂದುಕೊಂಡುಬಿಡುವುದು.

ಮೇಡಂ ಬಳಿ ಹೋದೆ. "ಇವರು ಭಿಕ್ಷುಕಿ ಅಲ್ಲ, ನನ್ನ ಪಕ್ಕದ ಮನೆಯವರು. ಇವರ ಮಗಳ ಶಾಲೆಗೇ ಈ ಪುಸ್ತಕ ಹೋಗತ್ತೆ. ಮುಂದಿನ ವರ್ಷ ಆ ಹುಡುಗಿ ಕ್ಲಾಸಲ್ಲಿ ಕೂತು ಈ ಪುಟ ತೆಗೀತಾಳೆ," ಎಂದೆ.

"ಏನ್ರೀ, ಇಷ್ಟೊಂದು ಎಮೋಷನಲ್ ಆಗ್ತೀರ. ಫೇಸ್ ಬ್ಲರ್ ಮಾಡಿಸ್ಬಿಡೋಣ."

"ತಾಯಿ ಸೀರೆ ಮಗಳಿಗೆ ಗೊತ್ತಾಗಲ್ವಾ ಮೇಡಂ?"

"ಸರಿ, ಫೋಟೋ ತೆಗೆದವರೇ ಬೇಡ ಅಂತ ಬರೆದು ಕೊಟ್ರೆ ನೋಡೋಣ."

ಎಲ್ಲಕ್ಕಿಂತ ಹಳೆಯ ಪ್ರತಿ ಬೆನ್ಸನ್ ಟೌನಿನ ಒಬ್ಬ ನಿವೃತ್ತರ ಬ್ಲಾಗಿನಲ್ಲಿತ್ತು. ಫೋಟೋ ತೆಗೆಯುವುದು ಅವರ ಹವ್ಯಾಸ. ಶಿವಮ್ಮಕ್ಕನಿಗೆ ಎಲ್ಲ ತಿಳಿಸಿ, ಅವರಿಗೆ ಫೋನು ಮಾಡಿ, ಭಾನುವಾರ ನಾವಿಬ್ಬರೂ ಹೊರಟೆವು. ಶಿವಾಜಿನಗರದಲ್ಲಿ ಬಸ್ಸಿಳಿದಾಗ ಆಟೋದವನು ಮೀಟರು ಹಾಕಲೊಲ್ಲೆ ಎಂದ. ಶಿವಮ್ಮಕ್ಕ ನಮ್ಮೂರ ಉರ್ದುವಿನಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡಳು. ಅವನು ನಕ್ಕು, ಅವಳನ್ನು ಆಪಾ ಎಂದು ಕರೆದು, ಅಂದರೆ ಅಕ್ಕ ಎಂದು, ಮೀಟರು ಹಾಕಿದ. ಕನ್ನಡ ಆಡಿದರೆ ಪರಕೀಯರು, ಉರ್ದು ಆಡಿದರೆ ನೆಂಟರು. ಈ ಊರಿನ ಲೆಕ್ಕ ನನಗಿನ್ನೂ ಹತ್ತಿಲ್ಲ.

ಆ ಹಿರಿಯರು ಕೆಟ್ಟವರೇನಲ್ಲ. ಕುರ್ಚಿ ಹಾಕಿಸಿದರು, ಅಡುಗೆಯವಳಿಗೆ ತಮಿಳಿನಲ್ಲಿ ಕಾಫಿ ತರಲು ಹೇಳಿದರು. ನಾನು ಬಂದ ವಿಷಯ ಹೇಳಿದೆ. "ನೋಡಮ್ಮ, ನಾನು 'ಹಸಿವು' ಅಂತ ಹೆಸರು ಕೊಟ್ಟಿದ್ದೆ ಅಷ್ಟೆ. ಭಿಕ್ಷುಕಿ ಅಂತ ಎಲ್ಲೂ ಬರ್ದಿಲ್ಲ," ಎಂದರು.

"ಹಸಿವಿ ಖರೇ ಅದರಿ," ಎಂದಳು ಶಿವಮ್ಮಕ್ಕ. "ಅವತ್ತ ನಂದು ಉಪಾಸ ಇತ್ತು. ಕೂಳಿಲ್ಲದ ಹಸಿವಿ ಅಲ್ಲರಿ ಅದು. ನಿಮ್ದು ಐದನೇ ಮನಿ ಇತ್ತು. ಜೋಗ ನೀಡ್ರಿ ಅಂತ ನಿಂತಿದ್ದೆ. ನೀವು ಫೋಟೋ ಹೊಡದು, ಬುಟ್ಟ್ಯಾಗ ರೊಕ್ಕ ಒಗದ್ರಿ. ರೊಕ್ಕ ಜೋಗಕ್ಕ ನಡೆಂಗಿಲ್ಲ. ಕಾಳಿಗಿ ಮತ್ತೊಂದು ಮನಿ ತಿರುಗಿದೆ. ಒಂದು ಮಾತು ಕೇಳಿದ್ರ ನಾ ಹೇಳ್ತಿದ್ದಿಲ್ಲೇನ್ರಿ?"

ಅವರ ಮುಖವನ್ನೇ ನೋಡಿದಳು. ಅವರು ಕಂಪ್ಯೂಟರು ತೆರೆದು ನಮ್ಮ ಎದುರಿಗೇ ಫೋಟೋ ಅಳಿಸಿದರು, ನನಗೆ ಪತ್ರವನ್ನೂ ಬರೆದುಕೊಟ್ಟರು. ಬೇರೆ ತಾಣಗಳದ್ದನ್ನು ಅಳಿಸುವುದು ಅವರ ಕೈಯಲ್ಲಿರಲಿಲ್ಲ. ನಾನು ಹತ್ತು ಕಡೆಗೆ ಇಮೇಲ್ ಬರೆದೆ. ಒಬ್ಬರೂ ಉತ್ತರಿಸಲಿಲ್ಲ.

ಪತ್ರ ನೋಡಿ ಮೇಡಂ, "ಆಯ್ತು, ತೆಗೆದ್ಬಿಡಿ. ಬೇರೆ ಹುಡುಕಿ, ಸಂಜೆಯೊಳಗೆ ಪೇಜ್ ಹೋಗ್ಬೇಕು," ಎಂದರು. ಫೋಟೋ ಇಲ್ಲದೆ ಪಾಠ ಹೋಗಲಿ ಎಂದು ವಾದಿಸಿದೆ. ಫೋಟೋ ಇಲ್ಲದ ಪುಟವನ್ನು ಮಕ್ಕಳು ಓದುವುದಿಲ್ಲವಂತೆ. ಕೆಲಸ ಬಿಡುವಷ್ಟು ಧೈರ್ಯ ನನಗಿರಲಿಲ್ಲ. ಅದೇ ಯಂತ್ರದ ಮುಂದೆ ಕೂತೆ. ಶಿವಮ್ಮಕ್ಕನ ಫೋಟೋಕ್ಕೆ ಹೋಲುವಂಥವನ್ನು ತೋರಿಸು ಎಂದೆ. ಕೈ ಚಾಚಿದ ಹೆಂಗಸರು ಸಾಲುಸಾಲಾಗಿ ಬಂದರು. ಎಲ್ಲಿಯವರು, ಏನು ಬೇಡುತ್ತಿದ್ದಾರೆ, ಯಾವುದೂ ತಿಳಿಯದು. ನೀಲಿ ಸೀರೆಯವಳೊಬ್ಬಳ ಫೋಟೋಕ್ಕೆ ಬೇಗ ಒಪ್ಪಿಗೆ ಸಿಕ್ಕಿತು. ಅವಳು ನಮ್ಮ ವಠಾರದಲ್ಲಿ ಯಾರಿಗೂ ಗೊತ್ತಿರಲಾರಳು ಎಂಬುದೊಂದೇ ಸಮಾಧಾನದಲ್ಲಿ ಪುಟಕ್ಕೆ ಅಂಟಿಸಿದೆ.

ಸಂಜೆ ಸುದ್ದಿ ಹೇಳಿದಾಗ ಶಿವಮ್ಮಕ್ಕನಿಗೆ ಕಣ್ಣು ತುಂಬಿತು. ರವೆ ಬೆಲ್ಲದ ಸಜ್ಜಕ ಮಾಡಿ ಬಟ್ಟಲ ತುಂಬ ತಂದಳು. ನಾನು ಎರಡು ತುತ್ತು ತಿಂದಿರಬಹುದು.

"ಮತ್ತ ಆ ಜಾಗ ಖಾಲಿ ಬಿಟ್ಟಾರೇನ ತಂಗಿ?"

"ಇಲ್ಲ. ಬೇರೆಯೋರ್ದು ಹಾಕಿದೀವಿ."

"ಯಾರದು?"

"ಗೊತ್ತಿಲ್ಲ, ಯಾರೋ."

ಅವಳ ಹತ್ತಿರ ಅದುವರೆಗೆ ನಾನು ಆಫೀಸಿನ ಕನ್ನಡ ಆಡಿದವಳೇ ಅಲ್ಲ. ಶಿವಮ್ಮಕ್ಕ ನನ್ನ ಮುಖವನ್ನೇ ನೋಡಿದಳು. ಆ ಹಿರಿಯರ ಮನೆಯಲ್ಲಿ ಅವರನ್ನೂ ಹಾಗೆಯೇ ನೋಡಿದ್ದಳು.

"ಅಕಿಗೂ ಒಂದು ಮಗಳು ಇರಬೇಕಲ್ಲ," ಎಂದು, ಬಟ್ಟಲು ಅಲ್ಲೇ ಬಿಟ್ಟು ತನ್ನ ಕೋಣೆಗೆ ಹೋದಳು.

ಇಷ್ಟು ದಿನ ಬೆಂಗಳೂರಿನ ಮೇಲೆ ಹಾರಾಡಿದ ನನಗೆ ಆ ಸಂಜೆ ಯಾರ ಮೇಲೆ ಹಾರಾಡಬೇಕೋ ತಿಳಿಯಲಿಲ್ಲ. ಮರುದಿನ ಎಂದಿಗಿಂತ ಮುಂಚಿನ ಬಸ್ಸು ಹಿಡಿದೆ. ಪುಟ ಅಚ್ಚಿಗೆ ಹೋಗಿಯಾಗಿತ್ತು.