ಶನಿವಾರದ ಬುತ್ತಿ

ಮಕ್ಕಳ ಊಟದ ಡಬ್ಬಿಗಳು ಒಮ್ಮೆಲೇ ತೆರೆದಾಗ ಬರುವ ವಾಸನೆ ಯಾವ ಅಡುಗೆಮನೆಯಲ್ಲೂ ಬರುವುದಿಲ್ಲ. ಚಪಾತಿ, ಚಿತ್ರಾನ್ನ, ಉಪ್ಪಿನಕಾಯಿ, ಬೆಳಿಗ್ಗೆ ಹಾಕಿದ ಒಗ್ಗರಣೆ ಡಬ್ಬಿಯೊಳಗೇ ಬೆವತು ತಣ್ಣಗಾದದ್ದು, ಇಷ್ಟೆಲ್ಲ ಕೂಡಿ ಒಂದು ವಾಸನೆ. ಮೊನ್ನೆ ವಿಜಯಪುರದಲ್ಲಿ, ಸ್ಟೇಷನ್ ರಸ್ತೆಯ ಹತ್ತಿರ ಇರುವ ಮೊಮ್ಮಗಳ ಶಾಲೆಯ ಪಾಲಕರ ಸಭೆಯಲ್ಲಿ ಕುಳಿತಾಗ ಅದು ಪಕ್ಕದ ಕೋಣೆಯಿಂದ ಬಂದು ನನ್ನ ಮೂಗಿಗೆ ಬಡಿಯಿತು. ಮಗ ಕರೆಂಟಿನ ಆಫೀಸಿಗೆ, ಸೊಸೆ ಬಟ್ಟೆ ಅಂಗಡಿಗೆ ಹೋಗಿದ್ದರಿಂದ ಸಭೆಗೆ ನಾನು ಹೋಗಿದ್ದೆ. ದೊಡ್ಡ ಬಾಯಿ, ಅಂದರೆ ಹೆಡ್ ಮೇಡಂ, ಇನ್ನು ಮೇಲೆ ವಾರಕ್ಕೊಂದು ತಾಸು ಮಕ್ಕಳಿಗೆ ಒಳ್ಳೆಯ ನಡತೆ ಕಲಿಸುವ ಪಾಠ ಇಡುತ್ತೇವೆ, ಪಾಲಕರು ಏನು ಹೇಳುತ್ತೀರಿ ಎಂದು ಕೇಳಿದರು. ಮುಂದೆ ಕುಳಿತಿದ್ದ ಒಬ್ಬ ಎದ್ದು, "ಸಂಸ್ಕಾರ ಮನ್ಯಾಗ ನಾವ ಕೊಡ್ತೀವ್ರಿ ಮೇಡಂ. ನೀವು ಗಣಿತ, ವಿಜ್ಞಾನ ಕಲಸ್ರಿ, ಸಾಕು" ಅಂದ. ಹಿಂದಿನಿಂದ ಒಬ್ಬಳು, "ನಮಗ ಪುರಸೊತ್ತಿಲ್ರಿ, ನೀವ ಕಲಸ್ರಿ" ಅಂದಳು. ನಾನು ಎದ್ದೆ. "ಕಲಸ್ರಿ. ಆದ್ರ ಪುಸ್ತಕ ಬ್ಯಾಡ. ವಾರಕ್ಕೊಮ್ಮಿ ಎಲ್ಲಾರ ಡಬ್ಬಿ ನಡುವ ಇಟ್ಟು ಕೂಡಿ ಉಣ್ಣಸ್ರಿ" ಅಂದೆ. ನಾಲ್ಕಾರು ಮಂದಿ ನಕ್ಕರು. ಮುಂದಿನವನು ತಿರುಗಿ, "ಯಾರ ಮನ್ಯಾಗ ಏನ್ ಮಾಡಿರ್ತಾರೋ ಯಾರಿಗ್ಗೊತ್ತು ಅಜ್ಜಿ" ಅಂದ. "ಅದಕ್ಕ ಅಂದೆ" ಎಂದು ಕುಳಿತೆ. ಮೇಡಂ ನೋಡೋಣ ಅಂದರು. ಅವರು ಮಾಡುವ ತನಕ ನಾನು ಪ್ರತಿ ಸಭೆಗೂ ಹೋಗುವವಳೇ. ಯಾಕೆ ಅಂತ ಇಲ್ಲಿ ಹೇಳುತ್ತೇನೆ.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಟಿಕೋಟಾ ದಾಟಿ ಕನಮಡಿಯ ದಾರಿ ಹಿಡಿದರೆ ಬರುವ ಒಂದು ಸಣ್ಣ ಊರು ನಮ್ಮದು. ಕುರಿ ಕಾಯುವ ಮನೆ. ನಿಮ್ಮಲ್ಲಿ ಯಾರಾದರೂ ಅಂಥ ಮನೆಯಲ್ಲಿ ಬೆಳೆದಿದ್ದರೆ ಅದರ ಅಂಗಳ ಹೇಗಿರುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಹಟ್ಟಿಯಲ್ಲಿ ಕುರಿಹಿಕ್ಕೆಯ ಬಿಸಿ ವಾಸನೆ, ಗೋಡೆಗೆ ಆನಿಸಿದ ಕಂಬಳಿಗಳು, ಆ ಕಂಬಳಿಗೆ ಬಳಿಯಲು ಆಯಿ ಬೀಸಿ ಕುದಿಸುವ ಹುಣಸೆಬೀಜದ ಗಂಜಿ. ಆಯಿ ಅಂದರೆ ಅಪ್ಪನ ತಾಯಿ. ಆಕೆ ನೂಲು ತೆಗೆಯುತ್ತ ಕುಳಿತರೆ ಎದ್ದವರು, ಹೋದವರು, ಬಂದವರು ಎಲ್ಲರೂ ಆಕೆಯ ಕಣ್ಣಿನ ಕೆಳಗೇ ಹೋಗಬೇಕು. ಅಪ್ಪ ಹೆಚ್ಚು ಮಾತಾಡುವವನಲ್ಲ. ಕುರಿಗಳ ಜೊತೆ ಆಡುವಷ್ಟು ಮಾತನ್ನು ನಮ್ಮ ಜೊತೆ ಎಂದೂ ಆಡಲಿಲ್ಲ. ಅವ್ವ ಬಬಲೇಶ್ವರದ ಕಡೆಯವಳು, ರೊಟ್ಟಿ ಬಡಿಯುವ ಸದ್ದಿನ ಮೇಲಿಂದಲೇ ಆಕೆಯ ಸಿಟ್ಟು ಗೊತ್ತಾಗುತ್ತಿತ್ತು. ಅಕ್ಷರ ಮೂವರಿಗೂ ಬರುತ್ತಿರಲಿಲ್ಲ. ನನ್ನನ್ನು ಶಾಲೆಗೆ ಹಾಕಿದ್ದು ಅವ್ವನ ಹಟ.

ಶಾಲೆ ಅಂದರೆ ಒಂದು ಕೋಣೆ, ಒಂದು ಕಟ್ಟೆ, ಮುಂದೆ ಬೇವಿನ ಗಿಡ. ಹೊಸದಾಗಿ ಬಂದ ಮಾಸ್ತರ ಹರೆಯದವನು, ಶಾಲೆಯ ಕೋಣೆಯಲ್ಲೇ ಮಲಗುತ್ತಿದ್ದ. ಶನಿವಾರ ಬೆಳಗಿನ ಶಾಲೆ. ಬಿಟ್ಟ ಮೇಲೆ ಅವನು ಎಲ್ಲ ಮಕ್ಕಳ ಬುತ್ತಿಯನ್ನು ಬೇವಿನ ಗಿಡದ ಕೆಳಗೆ ಒಂದೇ ಅರಿವೆಯ ಮೇಲೆ ಬಿಚ್ಚಿಸಿ, ಯಾರ ರೊಟ್ಟಿ ಯಾರದು ಅಂತ ಇಲ್ಲದೆ ಮುರಿದು ಹಂಚಿ, ತಾನೂ ನಮ್ಮ ನಡುವೆ ಕುಳಿತು ಉಣ್ಣುತ್ತಿದ್ದ. ಗುರೆಳ್ಳಿನ ಹಿಂಡಿ, ಜುಣಕ, ಒಣ ಮೆಣಸಿನಕಾಯಿ, ಎಲ್ಲೋ ಒಬ್ಬರ ಮನೆಯ ಬದನೆಕಾಯಿ. ನನ್ನ ಪಕ್ಕ ಯಾವಾಗಲೂ ಶಾಂತಾ ಕೂಡುತ್ತಿದ್ದಳು. ಆಕೆಯ ಅಪ್ಪ ಭೀಮಣ್ಣ ರಸ್ತೆ ಕೆಲಸಕ್ಕೆ ಹೋಗುವವನು. ಅವರ ಮನೆ ಊರ ಹೊರಗಿನ ಕೇರಿಯಲ್ಲಿ. ಊರಿನವರು ಮುಟ್ಟಿಸಿಕೊಳ್ಳದ ಮಂದಿ ಅವರು, ಹಳೆಯ ದೇವರುಗಳನ್ನೆಲ್ಲ ಬಿಟ್ಟು ಬುದ್ಧನ ಚಿತ್ರ ಗೋಡೆಗೆ ಹಾಕಿಕೊಂಡಿದ್ದರು. ನನಗೆ ಇದೆಲ್ಲ ಆಗ ಗೊತ್ತಿರಲಿಲ್ಲ. ಆಕೆಯ ಮನೆಯ ಹಿಂಡಿ ನಮ್ಮ ಮನೆಯದಕ್ಕಿಂತ ಚಲೋ ಇರುತ್ತಿತ್ತು ಎಂಬುದು ಗೊತ್ತಿತ್ತು.

ಈ ಊಟದ ಸುದ್ದಿ ಮನೆಗೆ ಮುಟ್ಟಿದಾಗ ಅಪ್ಪ ನನ್ನನ್ನು ಶಾಲೆ ಬಿಡಿಸುತ್ತೇನೆ ಅಂದನಂತೆ. ಅವ್ವ ಬಿಡಿಸಬ್ಯಾಡ ಅಂದಳಂತೆ. ನಡುವೆ ದಾರಿ ಹುಡುಕಿದವಳು ಆಯಿ. ಹೋಗಲಿ, ಬಂದ ಮೇಲೆ ನಾನು ನೋಡಿಕೊಳ್ಳುತ್ತೇನೆ ಅಂದಳು. ಇದನ್ನು ಅವ್ವ ನನಗೆ ಹೇಳಿದ್ದು ನಾನು ತಾಯಿಯಾದ ಮೇಲೆ. ಆಗ ನನಗೆ ಕಂಡದ್ದು ಇಷ್ಟೇ. ಶನಿವಾರ ಶಾಲೆಯಿಂದ ಬಂದರೆ ಆಯಿ ಬಾಗಿಲ ಹೊರಗೆ ಕೊಡ ಹಿಡಿದು ನಿಂತಿರುತ್ತಿದ್ದಳು. ಉಟ್ಟ ಲಂಗದ ಮೇಲೇ ತಲೆಗೆ ನೀರು ಸುರಿದು, ಹಣೆಗೆ ಬೀರಪ್ಪನ ಭಂಡಾರ ಹಚ್ಚಿ, ಆಮೇಲೆ ಒಳಗೆ ಬಿಡುತ್ತಿದ್ದಳು. ಭಂಡಾರ ಅಂದರೆ ನಮ್ಮ ದೇವರ ಅರಿಸಿನ. ಬಿಸಿಲಲ್ಲಿ ನಡೆದು ಬಂದ ತಲೆಗೆ ಆ ತಣ್ಣೀರು ಬಿದ್ದರೆ ಜೀವ ತಂಪಾಗುತ್ತಿತ್ತು. ಯಾಕ ಆಯಿ ಅಂದರೆ, "ಸಾಲಿ ಕಲತ ಬಂದಿಯಲ್ಲ ಬೇ, ಅದಕ್ಕ" ಅನ್ನುತ್ತಿದ್ದಳು. ನಾನು ನಂಬಿದ್ದೆ. ಶಾಲೆ ಕಲಿತವರಿಗೆ ದೇವರು ಕೊಡುವುದು ಇದು ಅಂತಲೇ ತಿಳಿದಿದ್ದೆ.

ಸೋಮವಾರ ನನ್ನ ಕಿವಿಯ ಹಿಂದೆ ಉಳಿದ ಹಳದಿಯನ್ನು ಶಾಂತಾ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. "ನಿಮ್ಮ ಮನ್ಯಾಗ ಶನಿವಾರಕ್ಕೊಮ್ಮಿ ಹಬ್ಬ ಏನ ಲಕ್ಕವ್ವಾ?" ಅಂದಳು. ಹೂಂ ಅಂದೆ. ಆಯಿ ಹೇಳಿದ್ದನ್ನೇ ಹೇಳಿದೆ. "ನಾನೂ ಕಲತೀನಲ್ಲ, ನನಗೂ ಹಚ್ಚತಾಳೇನ?" ಅಂದಳು. ಬಾ ಅಂದೆ. ಮುಂದಿನ ಶನಿವಾರ ಬೇವಿನ ಗಿಡದ ಕೆಳಗೆ ಉಂಡು, ಕೈ ಹಿಡಿದುಕೊಂಡು ಇಬ್ಬರೂ ನಮ್ಮ ಮನೆಗೆ ನಡೆದೆವು.

ಅಪ್ಪ ಅಂಗಳದಲ್ಲಿ ಒಂದು ಕುರಿಯ ಕಾಲು ಹಿಡಿದು ಗೊರಸಿನೊಳಗಿನ ಮುಳ್ಳು ತೆಗೆಯುತ್ತಿದ್ದ. ಆಯಿ ಕೊಡ ಎತ್ತಿ ನನ್ನ ತಲೆಗೆ ಸುರಿದಳು. ಶಾಂತಾ ಹಿಂದಿನಿಂದ ಬಂದು, ಸೆರಗಿಲ್ಲದ ತಲೆ ಬಾಗಿಸಿ ನಿಂತು, "ಆಯಿ, ನನಗೂ" ಅಂದಳು.

"ಯಾರ ಮಗಳ ಬೇ ನೀ?"

"ಭೀಮಣ್ಣನ ಮಗಳು. ಅಕಡಿ ಕೇರಿಯಾಕಿ."

ಆಯಿಯ ಕೈ ಅಲ್ಲೇ ನಿಂತಿತು. ಅಪ್ಪ ಕುರಿಯ ಕಾಲು ಬಿಟ್ಟ. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು, ನೋಡಿದಳು, ಆಯಿಯ ಕೈಯಿಂದ ಕೊಡ ತೆಗೆದುಕೊಂಡಳು. "ಇಬ್ಬರೂ ಒಂದ ಅರಿವಿ ಮ್ಯಾಲಿಂದ ಉಂಡ ಬಂದಾವ ಅತ್ತಿ. ಒಂದಕ್ಕ ಬೇಕಂದ್ರ ಇನ್ನೊಂದಕ್ಕೂ ಬೇಕು" ಎಂದು ಉಳಿದ ನೀರನ್ನು ಶಾಂತಾಳ ತಲೆಗೆ ಸುರಿದಳು. ತಾನೇ ಭಂಡಾರ ತೆಗೆದು ಇಬ್ಬರ ಹಣೆಗೂ ಹಚ್ಚಿದಳು. ನೀರು ಕಣ್ಣಿಗೆ ಇಳಿದು ಶಾಂತಾ ಕಣ್ಣು ಬಿಡಲಾಗದೆ ನಿಂತಿದ್ದಳು. ಆಯಿ ಅಭ್ಯಾಸದ ಕೈ ಚಾಚಿ ತನ್ನ ಸೆರಗಿನಿಂದ ಆ ಮುಖ ಒರೆಸಿದಳು. ಒರೆಸಿದ ಮೇಲೆ ಆ ಸೆರಗನ್ನು ಕೈಯಲ್ಲಿ ಹಿಡಿದು, ಅದನ್ನು ಬಿಡಬೇಕೋ ಹೊದೆಯಬೇಕೋ ತಿಳಿಯದೆ ನೋಡುತ್ತ ನಿಂತಳು.

ಮರುದಿನ ಮುಂಜಾನೆ ಭೀಮಣ್ಣ ಬಂದ. ಅಂಗಳದೊಳಗೆ ಕಾಲಿಡಲಿಲ್ಲ, ಓಣಿಯಲ್ಲೇ ನಿಂತ. "ನನ್ನ ಮಗಳ ಹಣಿಗೆ ನಿಮ್ಮ ದೇವರ ಭಂಡಾರ ಯಾಕ ಹಚ್ಚೀರಿ? ನಾವು ಅದನ್ನೆಲ್ಲಾ ಬಿಟ್ಟ ಮಂದಿ" ಅಂದ. ಅಪ್ಪ, "ನಾ ಹಚ್ಚಿಲ್ಲೋ. ಇದೆಲ್ಲಾ ಆ ಮಾಸ್ತರ ಹಚ್ಚಿದ ಹುಳುಕು. ನಡಿ, ಅವನ್ನ ಕೇಳೂನು" ಅಂದ. ಇಬ್ಬರೂ ನಡುವೆ ಒಂದು ಗಾಡಿ ಹಾಯುವಷ್ಟು ಜಾಗ ಬಿಟ್ಟು ನಡೆದರು. ಅವರ ಹಿಂದೆ ಅವ್ವ. ಅವ್ವನ ಸೀರೆ ಹಿಡಿದು ನಾನು.

ಮಾಸ್ತರ ಹಲ್ಲುಜ್ಜುತ್ತಿದ್ದವನು ಚೊಂಬು ಕೆಳಗಿಟ್ಟ. ಅಪ್ಪ ಕಟ್ಟೆಯ ಈ ತುದಿಗೆ, ಭೀಮಣ್ಣ ಆ ತುದಿಗೆ ಕುಳಿತರು. ಅಪ್ಪ ಅಂದ, "ನೋಡ್ರಿ ಮಾಸ್ತರ, ಅಕ್ಷರ ಕಲಸ್ರಿ. ಯಾರ ಜೋಡಿ ಹೆಂಗಿರಬೇಕು ಅನ್ನೂದನ್ನ ಮನ್ಯಾಗ ನಾವು ಕಲಸ್ತೀವಿ." ಭೀಮಣ್ಣ ಅಂದ, "ನಾನೂ ಅದನ್ನ ಹೇಳಾಕ ಬಂದೀನ್ರಿ. ನೀವು ಇಲ್ಲಿ ಕೂಡಿ ಉಣ್ಣಸ್ತೀರಿ. ಇವರು ಮನಿಗೆ ಹೋಗಿ ಮಗಳನ್ನ ತೊಳಕೋತಾರ. ಆ ತೊಳಿಯೂದನ್ನ ನನ್ನ ಮಗಳು ಹಬ್ಬ ಅಂತ ತಿಳದಾಳ. ತನಗೂ ಮಾಡ್ರಿ ಅಂತ ಹೋಗಿ ತಲಿ ಬಾಗಿಸ್ಯಾಳ. ಇಂಥಾದ್ದು ಕಲಿಯೂದಕ್ಕಿಂತ ಬರೇ ಅಕ್ಷರನ ಚಲೋ."

ಆ ಕೊಡದ ನೀರು ಯಾಕೆ ಅಂತ ನನಗೆ ತಿಳಿದದ್ದು ಆ ಕಟ್ಟೆಯ ಮುಂದೆ, ಅವನ ಬಾಯಿಂದ. ಇಂದಿಗೂ ಶಾಲೆಯಲ್ಲಿ ನಾನು ಕಲಿತದ್ದು ಏನು ಅಂತ ಕೇಳಿದರೆ ಅದೇ.

ಮಾಸ್ತರ ನೆಲ ನೋಡುತ್ತ, "ನಿಮ್ಮಿಬ್ಬರಿಗೂ ಬ್ಯಾಡಾದ್ರ ಬಿಟ್ಟ ಬಿಡೂನು" ಅಂದ.

"ಬಿಡಬ್ಯಾಡ್ರಿ" ಅಂದಳು ಅವ್ವ. ಹೊರಗಿನ ಗಂಡಸರ ಮುಂದೆ ಆಕೆ ಬಾಯಿ ಬಿಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು. "ಮನ್ಯಾಗ ಕಲಸ್ತೀವಿ ಅಂತಾರ. ಮನ್ಯಾಗ ಏನೈತ್ರಿ? ಕುರಿ ಕಾಯೂದೈತಿ, ರೊಟ್ಟಿ ಬಡಿಯೂದೈತಿ. ಮಂದಿ ಜೋಡಿ ಕೂಡಿ ಉಣ್ಣೂದು ನನಗ ಬರಂಗಿಲ್ಲ, ಇವರಿಗೆ ಬರಂಗಿಲ್ಲ, ನಮ್ಮತ್ತಿಗಂತೂ ಬರಂಗಿಲ್ಲ. ಬರದ್ದನ್ನ ನಾ ಹೆಂಗ ಕಲಸ್ಲಿ? ಅಕ್ಷರ ಬರಂಗಿಲ್ಲಂತ ಸಾಲಿಗೆ ಹಾಕೀನಿ. ಇದೂ ಹಂಗ." ಆಮೇಲೆ ಭೀಮಣ್ಣನ ಕಡೆ ತಿರುಗಿ, "ತೊಳಿಯೂದು ನಿನ್ನಿಗೆ ಮುಗೀತಣ್ಣಾ. ಇನ್ನ ಆಗಂಗಿಲ್ಲ" ಅಂದಳು.

"ಹೇಳೂದು ಸಸಾರ ತಂಗಿ" ಅಂದ ಭೀಮಣ್ಣ. ತಂಗಿ ಅಂದದ್ದಕ್ಕೆ ಅಪ್ಪ ತಲೆ ಎತ್ತಿದ. "ಮಕ್ಕಳನ್ನ ಕುಂದ್ರಿಸಿ ದೂರ ನಿಂತ ನೋಡೂದು ಎಲ್ಲಾರಿಗೂ ಬರ್ತೈತಿ. ಮುಂದಿನ ಶನಿವಾರ ನೀ ಬಂದು ನನ್ನ ಮನಿ ಬುತ್ತಿ ಉಣ್ಣು. ಅವತ್ತ ನನ್ನ ಮಗಳೂ ಕುಂದರ್ತಾಳ. ನೀ ಬರಲಿಲ್ಲಂದ್ರ ಈ ಸಾಲಿಗೆ ಆಕಿ ಬರಂಗಿಲ್ಲ."

"ಬರ್ತೀನಿ" ಅಂದಳು ಅವ್ವ. ಹೊರಡುತ್ತ ಮಾಸ್ತರನಿಗೆ, "ನಿಮ್ಮ ಸಾಲಿ ಕೆಲಸ ಮಾಡಾಕತ್ತೈತ್ರಿ. ಇವರಿಬ್ಬರೂ ಒಂದ ಕಟ್ಟಿ ಮ್ಯಾಲ ಎಂದ ಕುಂತಿದ್ರು? ನಿಮ್ಮನ್ನ ಬೈಯಾಕ ಆದ್ರೂ ಕುಂತಾರಲ್ಲ" ಅಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಎದ್ದವನು ಸೋತಂತೆ ಅನ್ನಿಸಿರಬೇಕು, ಬಿಸಿಲು ಕಟ್ಟೆಗೆ ಬರುವ ತನಕ ಒಬ್ಬರೂ ಏಳಲಿಲ್ಲ.

ಆ ವಾರ ಅಪ್ಪ ಹೋಗು ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ. ಶನಿವಾರ ನಸುಕಿನಲ್ಲೇ ಕುರಿ ಹೊಡೆದುಕೊಂಡು ಹೋದ. ಆಯಿ ಅಂಗಳದಲ್ಲಿ ಮೂರು ಕಲ್ಲು ಹೂಡಿ ತನ್ನ ರೊಟ್ಟಿ ತಾನೇ ಸುಟ್ಟುಕೊಂಡಳು. ಅವ್ವ ತೊಳೆದ ಸೀರೆ ಉಟ್ಟು ಬೇವಿನ ಗಿಡದ ಕೆಳಗೆ ಮಕ್ಕಳ ಸಾಲಿನಲ್ಲಿ, ನನ್ನ ಮತ್ತು ಶಾಂತಾಳ ನಡುವೆ ಕುಳಿತಳು. ಭೀಮಣ್ಣ ಕೆಲಸಕ್ಕೆ ಹೋಗದೆ ತುಸು ದೂರದಲ್ಲಿ ನಿಂತಿದ್ದ. ಶಾಂತಾ ತನ್ನ ಬುತ್ತಿಯಿಂದ ಅವ್ವನ ರೊಟ್ಟಿಯ ಮೇಲೆ ಪಲ್ಯ ಹಾಕಿದಳು. ತುತ್ತು ಮುರಿದ ಅವ್ವನ ಕೈ ಬಾಯಿಯ ಹತ್ತಿರ ಹೋಗಿ ನಿಂತಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಆಕೆಗೆ ಸುಲಭವಾಗಿ ಆಗಲಿಲ್ಲ. ಆಮೇಲೆ ಉಂಡಳು. ಎರಡನೆಯ ತುತ್ತಿಗೆ ಕೈ ನಿಲ್ಲಲಿಲ್ಲ. ನಾನು ತಿರುಗಿ ನೋಡಿದಾಗ ಭೀಮಣ್ಣ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ರಸ್ತೆಯ ಕಡೆ ಹೊರಟಿದ್ದ.

ಇದರಿಂದ ಊರು ಬದಲಾಯಿತು ಅಂತ ನಾನು ಹೇಳುವವಳಲ್ಲ. ಆಯಿ ಎಷ್ಟೋ ಕಾಲ ತನ್ನ ರೊಟ್ಟಿ ತಾನೇ ಮಾಡಿಕೊಂಡಳು. ಕೈ ಸೋತ ಮೇಲೆ ಅವ್ವ ಮಾಡಿದ್ದನ್ನು ಉಂಡಳು. ನಾಲ್ಕನೆಯ ಇಯತ್ತೆ ಮುಗಿದ ಮೇಲೆ ತಮ್ಮನನ್ನು ನೋಡಿಕೊಳ್ಳಲು, ಮರಿ ಕಾಯಲು ನನ್ನನ್ನು ಮನೆಯಲ್ಲಿ ನಿಲ್ಲಿಸಿದರು. ಆಗ ಅವ್ವನ ಹಟವೂ ನಡೆಯಲಿಲ್ಲ. ಶಾಂತಾ ಮುಂದೆ ಕಲಿತು ನರ್ಸ್ ಆದಳು. ಈಗ ಆಕೆಯೂ ಇಲ್ಲ. ನಮ್ಮ ಮನೆ ಇದ್ದಲ್ಲಿ ಯಾರದೋ ದ್ರಾಕ್ಷಿ ತೋಟ ಬಂದಿದೆ, ಹಟ್ಟಿಯ ಜಾಗದಲ್ಲಿ ಹಣ್ಣು ಒಣಗಿಸುವ ಶೆಡ್ಡು. ಹೋದ ವರ್ಷ ಮಗನ ಜೊತೆ ಹೋಗಿ ನಿಂತರೆ ಅಡುಗೆಯ ಒಲೆ ಎಲ್ಲಿತ್ತು, ಆಯಿ ಎಲ್ಲಿ ಕೂಡುತ್ತಿದ್ದಳು ಅಂತ ಗುರುತು ಹಚ್ಚಲು ನನಗೇ ಆಗಲಿಲ್ಲ. ಅವರೆಲ್ಲರ ದನಿ ಮಾತ್ರ ಇನ್ನೂ ನನ್ನ ಕಿವಿಯಲ್ಲಿದೆ. ನನ್ನ ನಂತರ ಅದೂ ಇರುವುದಿಲ್ಲ.

ಆ ಶನಿವಾರ ಸಂಜೆ ಅಪ್ಪ ಕುರಿ ಕೂಡಿಸಿ ಬಂದು, ಕೈಕಾಲು ತೊಳೆದು, ತಾಟಿನ ಮುಂದೆ ಕುಳಿತ. ಅವ್ವ ನೀಡಿದಳು. ಅವನು ಅರ್ಧ ರೊಟ್ಟಿ ಮುಗಿಸಿದ. ಆಮೇಲೆ ತಾಟನ್ನೇ ನೋಡುತ್ತ ಕೇಳಿದ.

"ಏನ ಪಲ್ಯ ತಂದಿದ್ರು ಅವರು?"

"ಪುಂಡಿ ಪಲ್ಯ."

"ಹೆಂಗಿತ್ತು?"

"ಚಲೋ ಇತ್ತು. ಉಪ್ಪು ಒಂದೀಟು ಹೆಚ್ಚಾಗಿತ್ತು."

ಅಪ್ಪ ಇನ್ನೊಂದು ತುತ್ತು ಅಗಿದು ನುಂಗಿದ. "ಮುಂದಿನ ಶನಿವಾರ ಹೋದಾಗ ಹೇಳು ಹಂಗಾದ್ರ" ಅಂದ.

ಅವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.